ಮಾತ್ರೆ ತಯಾರಿಕೆಯಲ್ಲಿ ಸೆಲ್ಯುಲೋಸ್ ಮೂಲದ ಪೂರಕ ದ್ರವ್ಯಗಳು

ಸೆಲ್ಯುಲೋಸ್ ಮೂಲದ ಪೂರಕ ದ್ರವ್ಯಗಳು ಎಂದರೆ ಸಸ್ಯಗಳ ಕೋಶಭಿತ್ತಿಯಲ್ಲಿರುವ ಸೆಲ್ಯುಲೋಸನ್ನು ಶುದ್ಧೀಕರಿಸಿ, ಒಡೆದು ಅಥವಾ ರಾಸಾಯನಿಕವಾಗಿ ಮಾರ್ಪಡಿಸಿ ಪಡೆದ ವಸ್ತುಗಳು. ಇವು ಮಾತ್ರೆಗೆ ಗಾತ್ರ, ಗಟ್ಟಿತನ ಮತ್ತು ಹೊರಲೇಪವನ್ನು ಕೊಡುತ್ತವೆ. ಅದು ಎಲ್ಲಿ, ಎಷ್ಟು ಬೇಗ ಕರಗಬೇಕು ಎಂಬುದನ್ನು ನಿರ್ಧರಿಸುತ್ತವೆ. ತಾವೇ ರೋಗದ ಮೇಲೆ ಪರಿಣಾಮ ಬೀರುವುದಿಲ್ಲ.

ಮಾತ್ರೆ ಎಂದರೆ ಪೂರ್ತಿ ಔಷಧ ಎಂಬುದು ಸಾಮಾನ್ಯ ನಂಬಿಕೆ. ತೂಗಿ ನೋಡಿದರೆ ಲೆಕ್ಕ ಬೇರೆಯೇ ಬರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್ ಮಾತ್ರೆಯಲ್ಲಿ ಔಷಧ ಇರುವುದು 5 ಮಿಲಿಗ್ರಾಂ, ಒಂದೆರಡು ಸಾಸಿವೆ ಕಾಳಿನ ತೂಕ. ಥೈರಾಯ್ಡ್ ಕೊರತೆಗೆ ಕೊಡುವ 25 ಮೈಕ್ರೊಗ್ರಾಂ ಲಿವೊಥೈರಾಕ್ಸಿನ್ ಮಾತ್ರೆಯಲ್ಲಿ ಅದರ ಇನ್ನೂರರಲ್ಲಿ ಒಂದು ಪಾಲು ಮಾತ್ರ. ಅಷ್ಟನ್ನು ಯಾರೂ ಚಿಟಿಕೆಯಲ್ಲಿ ಹಿಡಿದು ನುಂಗಲಾರರು. ಬೆರಳಿಗೆ ಸಿಗುವಷ್ಟು ದೊಡ್ಡದಾಗಿ, ಸ್ಟ್ರಿಪ್‌ನಿಂದ ಒತ್ತಿ ತೆಗೆದಾಗ ಪುಡಿಯಾಗದಂತೆ, ಹೊಟ್ಟೆಗೆ ಹೋದಮೇಲೆ ಮಾತ್ರ ಬಿಚ್ಚಿಕೊಳ್ಳುವಂತೆ ಅದನ್ನು ಹದಗೊಳಿಸುವುದು ಉಳಿದ ಪುಡಿ. ಆ ಪುಡಿಯಲ್ಲಿ ಇವತ್ತು ಅತಿ ಹೆಚ್ಚು ಬಳಕೆಯಾಗುವವುಗಳ ಸಾಲಿನಲ್ಲಿ ಸೆಲ್ಯುಲೋಸ್ ಕುಟುಂಬ ಮೊದಲಿಗೆ ನಿಲ್ಲುತ್ತದೆ.

ಪರಿಭಾಷೆ

ಔಷಧ ಕಾರ್ಖಾನೆಗಳಲ್ಲಿ ರೋಗದ ಮೇಲೆ ಕೆಲಸ ಮಾಡುವ ವಸ್ತುವನ್ನು ಎಪಿಐ ಎಂದೂ ಮಿಕ್ಕ ಎಲ್ಲವನ್ನೂ ಎಕ್ಸಿಪಿಯೆಂಟ್ ಎಂದೂ ಕರೆಯುತ್ತಾರೆ. ಈ ಲೇಖನದಲ್ಲಿ ಮೊದಲನೆಯದು ‘ಔಷಧ’, ಎರಡನೆಯದು ‘ಪೂರಕ ದ್ರವ್ಯ’. ಗಾತ್ರ ತುಂಬುವುದಕ್ಕೆ ಸೇರಿಸುವುದು ಭರ್ತಿ ದ್ರವ್ಯ. ಕಣಗಳನ್ನು ಹಿಡಿದಿಡುವುದು ಬಂಧಕ. ನೀರು ತಾಗಿದ ಕೂಡಲೇ ಮಾತ್ರೆಯನ್ನು ಒಡೆಸುವುದು ವಿಘಟಕ. ಪುಡಿ ಯಂತ್ರಕ್ಕೆ ಅಂಟದಂತೆ ನೋಡಿಕೊಳ್ಳುವುದು ಜಾರುಕ. ಕೊನೆಯದು ಸಾಮಾನ್ಯವಾಗಿ ಮೆಗ್ನೀಸಿಯಂ ಸ್ಟಿಯರೇಟ್. ಅದು ಸೆಲ್ಯುಲೋಸ್ ಅಲ್ಲ, ಆದರೆ ಸೆಲ್ಯುಲೋಸಿನ ಜೊತೆ ಅದರ ಜಗಳ ಮುಂದೆ ಬರುತ್ತದೆ.

ಪಿಷ್ಟ, ಅಂದರೆ ರಾಗಿ, ಜೋಳ, ಅಕ್ಕಿಯ ಹಿಟ್ಟಿನಲ್ಲಿರುವ ಸ್ಟಾರ್ಚ್, ಕೂಡ ಗ್ಲುಕೋಸಿನ ಸರಪಳಿಯೇ. ಆದರೂ ಅದು ಸೆಲ್ಯುಲೋಸ್ ಅಲ್ಲ; ಏಕೆ ಎಂಬುದು ‘ರಚನೆ’ ಭಾಗದಲ್ಲಿ ಬರುತ್ತದೆ.

ಮೂಲ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಉದಾಹರಣೆ

ಸೆಲ್ಯುಲೋಸ್ ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದನ್ನು ತಿಳಿಯಲು ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಅನುಕೂಲವಾದ ನೆಲ. ಚಳ್ಳಕೆರೆ ಕುರಿ ಉಣ್ಣೆಯ ಕಂಬಳಿಗೆ ಹೆಸರಾದರೆ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರುವಾಸಿ. ಈ ಎರಡು ಬಟ್ಟೆಗಳಲ್ಲೂ ಸೆಲ್ಯುಲೋಸ್ ಇಲ್ಲ. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು, ರೇಷ್ಮೆ ಫೈಬ್ರಾಯಿನ್ ಎಂಬ ಪ್ರೋಟೀನು. ಎರಡೂ ಪ್ರಾಣಿಯಿಂದ ಬಂದವು. ಸೆಲ್ಯುಲೋಸ್ ಇರುವುದು ಮಗ್ಗದ ಹೊರಗೆ: ಹತ್ತಿಯ ಅರಳೆಯಲ್ಲಿ, ಅಮೃತಮಹಲ್ ಕಾವಲಿನ ಹುಲ್ಲಿನಲ್ಲಿ, ಜೋಳದ ದಂಟಿನಲ್ಲಿ, ಶೇಂಗಾದ ಸಿಪ್ಪೆಯಲ್ಲಿ.

ಮಗ್ಗದ ಬಳಿಯೂ ಅದರ ಹತ್ತಿರದ ನಂಟೊಂದು ಇದೆ. ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿಯನ್ನು ಉಣ್ಣೆಗೆ ಹಚ್ಚುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ ಬೇಯಿಸಿದ ಆ ಗಂಜಿ ಒಣಗಿದಾಗ ಎಳೆಗಳು ಬಿಗಿಯಾಗಿ, ಒರಟಾಗಿ ನಿಲ್ಲುತ್ತವೆ. ಗಂಜಿಯಲ್ಲಿರುವ ಮುಖ್ಯ ವಸ್ತು ಕ್ಸೈಲೊಗ್ಲುಕಾನ್. ಅದರ ಬೆನ್ನುಮೂಳೆ ಸೆಲ್ಯುಲೋಸಿನದೇ ಸರಪಳಿ, ಆದರೆ ಪಕ್ಕದಲ್ಲಿ ಕ್ಸೈಲೋಸ್ ಮುಂತಾದ ಸಕ್ಕರೆಗಳು ಕೊಂಬೆಯಂತೆ ಚಾಚಿಕೊಂಡಿರುವುದರಿಂದ ನೀರಿನಲ್ಲಿ ಉಬ್ಬಿ ಅಂಟಾಗುತ್ತದೆ. ವಿಜ್ಞಾನಿಗಳು ಅದನ್ನು ಹೆಮಿಸೆಲ್ಯುಲೋಸ್ ಗುಂಪಿಗೆ ಸೇರಿಸುತ್ತಾರೆ. ಹುಣಸೆ ಬೀಜದ ಈ ಅಂಟನ್ನು ಮಾತ್ರೆಯ ಬಂಧಕವಾಗಿಯೂ ಔಷಧವನ್ನು ನಿಧಾನವಾಗಿ ಬಿಡಿಸುವ ದ್ರವ್ಯವಾಗಿಯೂ ಔಷಧ ವಿಜ್ಞಾನದ ಪ್ರಯೋಗಾಲಯಗಳು ಪರೀಕ್ಷಿಸಿವೆ. ಕಂಬಳಿಯ ಎಳೆಗೂ ಮಾತ್ರೆಯ ಕಣಕ್ಕೂ ಬೇಕಾದದ್ದು ಒಂದೇ ಗುಣ: ಒದ್ದೆಯಾದಾಗ ಹರಡಿ, ಒಣಗಿದಾಗ ಹಿಡಿದುಕೊಳ್ಳುವುದು.

ಶುದ್ಧತೆಯ ಲೆಕ್ಕದಲ್ಲಿ ಹತ್ತಿ ಮುಂದು. ಒಣ ಅರಳೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಸೆಲ್ಯುಲೋಸ್. ಮರದಲ್ಲಿ 40ರಿಂದ 50. ಶೇಂಗಾ ಸಿಪ್ಪೆಯಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಸೆಲ್ಯುಲೋಸ್ ಇದ್ದರೂ ಲಿಗ್ನಿನ್ ಎಂಬ ಕಟ್ಟಿಗೆಯಂಥ ವಸ್ತು ಅದರಲ್ಲಿ ಧಾರಾಳ. ಔಷಧ ದರ್ಜೆಯ ಸೆಲ್ಯುಲೋಸಿಗೆ ಬಳಸುವುದು ಹೆಚ್ಚಾಗಿ ಮರದ ತಿರುಳು, ಜೊತೆಗೆ ಹತ್ತಿ ಬೀಜಕ್ಕೆ ಅಂಟಿ ಉಳಿದ ಗಿಡ್ಡ ನಾರು. ಕಾಗದಕ್ಕೆ ಹೋಗುವ ತಿರುಳಿಗಿಂತ ಶುದ್ಧವಾದ, ಕರಗಿಸಲು ಒಗ್ಗುವ ತಿರುಳು ಇದಕ್ಕೆ ಬೇಕು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಗ್ರಾಸಿಂ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ 1970ರ ದಶಕದಿಂದ ನೀಲಗಿರಿ ಮರದಿಂದ ತಯಾರಿಸುತ್ತಿರುವ ರೇಯಾನ್ ದರ್ಜೆಯ ತಿರುಳು ಇದೇ ಜಾತಿಯದು. ಅದರ ದಾರಿ ಬಟ್ಟೆಯ ಕಡೆಗೆ.

ರಚನೆ

ಸೆಲ್ಯುಲೋಸ್ ಸಾವಿರಾರು ಗ್ಲುಕೋಸ್ ಘಟಕಗಳ ಕವಲಿಲ್ಲದ ನೇರ ಸರಪಳಿ. ಒಂದು ಘಟಕದ ಮೊದಲನೇ ಇಂಗಾಲವು ಮುಂದಿನದರ ನಾಲ್ಕನೇ ಇಂಗಾಲಕ್ಕೆ ಬೀಟಾ ಕೊಂಡಿಯಿಂದ ಸೇರಿರುತ್ತದೆ. ಪಿಷ್ಟದಲ್ಲಿ ಈ ಕೊಂಡಿ ಆಲ್ಫಾ. ಕೊಂಡಿಯ ದಿಕ್ಕು ಬದಲಾದದ್ದಷ್ಟೇ, ಪರಿಣಾಮ ಮಾತ್ರ ಅಜಗಜಾಂತರ. ಪಿಷ್ಟದ ಸರಪಳಿ ಸುರುಳಿ ಸುತ್ತಿಕೊಂಡು ಬಿಸಿನೀರಿನಲ್ಲಿ ಗಂಜಿಯಾಗುತ್ತದೆ, ಬಾಯಿಯ ಜೊಲ್ಲಿಗೇ ಕರಗತೊಡಗುತ್ತದೆ. ಸೆಲ್ಯುಲೋಸಿನ ಸರಪಳಿಗಳು ಹಾಸಿನ ಮೇಲೆ ಹಾಸಿದಂತೆ ಒತ್ತಾಗಿ ಮಲಗಿ, ಹೈಡ್ರೋಜನ್ ಬಂಧಗಳಿಂದ ಪರಸ್ಪರ ಬಿಗಿದುಕೊಂಡು, ನೀರಿಗೂ ಮನುಷ್ಯನ ಜೀರ್ಣರಸಕ್ಕೂ ಜಗ್ಗುವುದಿಲ್ಲ.

ಒಂದೇ ನಾರಿನಲ್ಲಿ ಸರಪಳಿಗಳು ಅಚ್ಚುಕಟ್ಟಾಗಿ ಜೋಡಣೆಯಾದ ಹರಳು ಭಾಗಗಳೂ ಸಿಕ್ಕಾದ ದಾರದಂಥ ಅಸ್ತವ್ಯಸ್ತ ಭಾಗಗಳೂ ಇರುತ್ತವೆ. ಆಮ್ಲ ಮೊದಲು ನುಗ್ಗುವುದು ಅಸ್ತವ್ಯಸ್ತ ಭಾಗಕ್ಕೆ. ಪ್ರತಿ ಗ್ಲುಕೋಸ್ ಘಟಕದ ಮೇಲೆ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಅವುಗಳ ಜಾಗದಲ್ಲಿ ಬೇರೆ ಗುಂಪುಗಳನ್ನು ಕೂರಿಸಬಹುದು. ಈ ಎರಡು ಸಂಗತಿಗಳ ಮೇಲೆ ಇಡೀ ಉದ್ಯಮ ನಿಂತಿದೆ. ಮೊದಲನೆಯದು ಮುಂದೆ ಬರುವ ಮೈಕ್ರೊಕ್ರಿಸ್ಟಲೈನ್ ಸೆಲ್ಯುಲೋಸನ್ನು (ಎಂಸಿಸಿ) ಕೊಟ್ಟಿತು, ಎರಡನೆಯದು ಸೆಲ್ಯುಲೋಸಿನ ಈಥರ್ ಮತ್ತು ಎಸ್ಟರ್‌ಗಳನ್ನು.

ಇತಿಹಾಸ

ಫ್ರಾನ್ಸಿನ ಅನ್ಸೆಲ್ಮ್ ಪಾಯೆನ್ 1838ರಲ್ಲಿ ಸಸ್ಯಗಳಿಂದ ಸೆಲ್ಯುಲೋಸನ್ನು ಬೇರ್ಪಡಿಸಿದ. ಅದಾಗಿ ಐದು ವರ್ಷಕ್ಕೆ, 1843ರಲ್ಲಿ, ಇಂಗ್ಲೆಂಡಿನ ವಿಲಿಯಂ ಬ್ರಾಕೆಡನ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಪೆನ್ಸಿಲಿಗೆ ಬೇಕಾದ ಗ್ರಾಫೈಟ್ ಪುಡಿ ಒತ್ತುವ ಯೋಚನೆಯೂ ಅವನದೇ. ಇವೆರಡು ದಾರಿಗಳು ಕೂಡಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ಮಾತ್ರೆಯನ್ನು ಹಿಡಿದಿಟ್ಟದ್ದು ಪಿಷ್ಟದ ಗಂಜಿ, ಸಕ್ಕರೆ ಪಾಕ, ಗೋಂದು ಮತ್ತು ಜಿಲಾಟಿನ್.

1865ರಲ್ಲಿ ಶುಟ್ಜೆನ್‌ಬರ್ಗರ್ ಸೆಲ್ಯುಲೋಸ್ ಅಸಿಟೇಟ್ ತಯಾರಿಸಿದ. ಸೆಲ್ಯುಲೋಸ್ ಈಥರ್‌ಗಳ ಪೇಟೆಂಟುಗಳು 1912ರ ಸುಮಾರಿಗೆ ಬಂದವು. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 1918ರಲ್ಲಿ ಜರ್ಮನಿಯಲ್ಲಿ. ಇವು ಮೊದಲು ಬೆಳೆದದ್ದು ಫಿಲ್ಮು, ಬಣ್ಣ, ಬಟ್ಟೆ, ಅಂಟುಗಳ ಉದ್ಯಮದಲ್ಲಿ. ಔಷಧದವರು ತಡವಾಗಿ ಬಂದು, ಇದ್ದದ್ದರಲ್ಲಿ ಬೇಕಾದ್ದನ್ನು ಆರಿಸಿಕೊಂಡರು.

ತಿರುವು ಬಂದದ್ದು 1955ರಲ್ಲಿ. ಅಮೆರಿಕನ್ ವಿಸ್ಕೋಸ್ ಕಂಪನಿಯಲ್ಲಿ ರೇಯಾನಿನ ಬಲದ ಬಗ್ಗೆ ಕೆಲಸ ಮಾಡುತ್ತಿದ್ದ ಒರ್ಲಾಂಡೊ ಬ್ಯಾಟಿಸ್ಟಾ ಆಮ್ಲದಲ್ಲಿ ಕುದಿಸಿದ ಸೆಲ್ಯುಲೋಸಿನ ಶೇಷವನ್ನು ನೀರಿಗೆ ಹಾಕಿ ಬ್ಲೆಂಡರಿನಲ್ಲಿ ತಿರುಗಿಸಿದ. ತಳಕ್ಕೆ ಕೂರಬೇಕಿದ್ದ ಪುಡಿ ಕೂರಲಿಲ್ಲ. ಬೆಣ್ಣೆಯಂಥ ಬಿಳಿ ಮುದ್ದೆಯಾಯಿತು. ಆಮ್ಲ ಅಸ್ತವ್ಯಸ್ತ ಭಾಗಗಳನ್ನು ತಿಂದು ಅತಿ ಸಣ್ಣ ಹರಳುಗಳನ್ನು ಮಾತ್ರ ಉಳಿಸಿತ್ತು. ಇದೇ ಮೈಕ್ರೊಕ್ರಿಸ್ಟಲೈನ್ ಸೆಲ್ಯುಲೋಸ್, ಚಿಕ್ಕದಾಗಿ ಎಂಸಿಸಿ. ಕಡಿಮೆ ಕ್ಯಾಲೊರಿಯ ಆಹಾರಕ್ಕೆ ಎಂದು ಮೊದಲು ಯೋಚಿಸಿದ್ದ ಈ ವಸ್ತು 1964ರಲ್ಲಿ ಎಫ್‌ಎಂಸಿ ಸಂಸ್ಥೆಯ ಮೂಲಕ ಅವಿಸೆಲ್ ಪಿಎಚ್ ಎಂಬ ಹೆಸರಿನಲ್ಲಿ ಮಾತ್ರೆಯ ಕಾರ್ಖಾನೆಗಳಿಗೆ ಬಂತು.

ಲೇಪದ ಕಥೆಯೂ ಇದೇ ಕಾಲದ್ದು. ಸಕ್ಕರೆ ಲೇಪಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು, ಮಾತ್ರೆಯ ತೂಕವೂ ಏರುತ್ತಿತ್ತು. 1954ರಲ್ಲಿ ಅಬಾಟ್ ಕಂಪನಿ ಫಿಲ್ಮ್ ಲೇಪದ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಫಿಲ್ಮ್ ಲೇಪದಿಂದ ತೂಕ ಹೆಚ್ಚುವುದು ನೂರಕ್ಕೆ ಎರಡರಿಂದ ನಾಲ್ಕು ಪಾಲು. ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ.

ತಯಾರಿಕೆ

ಎಂಸಿಸಿ ತಯಾರಿಕೆಯ ಕ್ರಮ ಕೇಳಲು ಸರಳ. ಮರದ ತಿರುಳಿನ ಹಾಳೆಗಳನ್ನು ಚೂರು ಮಾಡಿ ಸಾರ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೇಯಿಸುತ್ತಾರೆ. ಬ್ಯಾಟಿಸ್ಟಾನ ಪ್ರಯೋಗಾಲಯದ ಹದ 2.5 ನಾರ್ಮಲ್ ಆಮ್ಲ, 105 ಡಿಗ್ರಿ ಸೆಲ್ಸಿಯಸ್, 15 ನಿಮಿಷ. ಅಷ್ಟರಲ್ಲಿ ಸರಪಳಿಯ ಉದ್ದ ಸಾವಿರಾರು ಘಟಕಗಳಿಂದ ಕೆಲವು ನೂರಕ್ಕೆ ಇಳಿದು ಅಲ್ಲಿಗೇ ನಿಲ್ಲುತ್ತದೆ. ಇನ್ನೂ ಬೇಯಿಸಿದರೂ ಹೆಚ್ಚೇನೂ ಕುಗ್ಗುವುದಿಲ್ಲ. ಔಷಧ ಸಂಹಿತೆಗಳ ಪ್ರಕಾರ ಎಂಸಿಸಿಯ ಸರಪಳಿ 350 ಘಟಕ ಮೀರಕೂಡದು. ಆಮ್ಲವನ್ನು ತೊಳೆದು, ಉಳಿದದ್ದನ್ನು ನೀರಿನಲ್ಲಿ ಕದಡಿ, ಬಿಸಿ ಗಾಳಿಯ ಗೋಪುರದೊಳಗೆ ಹನಿಯಾಗಿ ಸಿಂಪಡಿಸಿ ಒಣಗಿಸುತ್ತಾರೆ. ಹನಿ ಕೆಳಗೆ ಬೀಳುವಷ್ಟರಲ್ಲಿ ನೀರು ಆರಿ ಪುಡಿಯಾಗಿರುತ್ತದೆ. ಹನಿಯ ಗಾತ್ರ, ಗಾಳಿಯ ಬಿಸಿ ಬದಲಿಸಿದರೆ ಬೇರೆ ಬೇರೆ ದರ್ಜೆಗಳು ಸಿಗುತ್ತವೆ.

ಈಥರ್‌ಗಳಿಗೆ ಬೇರೆ ದಾರಿ. ತಿರುಳನ್ನು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಉಬ್ಬಿಸಿ ಕ್ಷಾರ ಸೆಲ್ಯುಲೋಸ್ ಮಾಡುತ್ತಾರೆ. ಅದಕ್ಕೆ ಮಿಥೈಲ್ ಕ್ಲೋರೈಡ್ ಮತ್ತು ಪ್ರೊಪಿಲೀನ್ ಆಕ್ಸೈಡ್ ಸೇರಿಸಿದರೆ ಹೈಪ್ರೊಮೆಲ್ಲೋಸ್, ಈಥೈಲ್ ಕ್ಲೋರೈಡ್ ಸೇರಿಸಿದರೆ ಈಥೈಲ್ ಸೆಲ್ಯುಲೋಸ್, ಮೊನೊಕ್ಲೋರೊಅಸಿಟಿಕ್ ಆಮ್ಲ ಸೇರಿಸಿದರೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್.

ಮುಖ್ಯ ವಿಧಗಳು

ಪುಡಿ ಸೆಲ್ಯುಲೋಸ್ ಎಲ್ಲಕ್ಕಿಂತ ಸರಳವಾದದ್ದು: ಶುದ್ಧ ತಿರುಳನ್ನು ಬೀಸಿದ ಪುಡಿ. ಅಗ್ಗ, ಆದರೆ ಹರಿವು ಕಡಿಮೆ, ಹಿಡಿತವೂ ಎಂಸಿಸಿಯಷ್ಟಿಲ್ಲ.

ಎಂಸಿಸಿ ಈ ಕುಟುಂಬದ ಯಜಮಾನ. ಭರ್ತಿ ದ್ರವ್ಯ ಮತ್ತು ಬಂಧಕವಾಗಿ ಮಾತ್ರೆಯ ತೂಕದ ನೂರಕ್ಕೆ 20ರಿಂದ 90 ಪಾಲಿನವರೆಗೆ ಇದನ್ನು ಬಳಸುತ್ತಾರೆ. ಮಾತ್ರೆ ಒತ್ತುವ ಯಂತ್ರದ ಪಂಚಿನ ಒತ್ತಡಕ್ಕೆ ಎಂಸಿಸಿ ಕಣ ಚೂರಾಗುವುದಿಲ್ಲ. ಅವಲಕ್ಕಿ ಕುಟ್ಟುವಾಗ ನೆನೆದ ಭತ್ತ ಪುಡಿಯಾಗದೆ ಚಪ್ಪಟೆಯಾಗುವ ಹಾಗೆ ಬಾಗಿ ಹರಡಿಕೊಳ್ಳುತ್ತದೆ. ಹರಡಿದ ಮೇಲ್ಮೈಗಳು ಒಂದಕ್ಕೊಂದು ತಾಗಿದ ಕಡೆಯಲ್ಲೆಲ್ಲ ಹೈಡ್ರೋಜನ್ ಬಂಧ ಮೂಡಿ ಮಾತ್ರೆ ಗಟ್ಟಿಯಾಗುತ್ತದೆ. ಅವಲಕ್ಕಿಯ ಹೋಲಿಕೆ ಇನ್ನೂ ಒಂದು ಹೆಜ್ಜೆ ನಡೆಯುತ್ತದೆ: ಪುಡಿಯಲ್ಲಿರುವ ನೂರಕ್ಕೆ ಮೂರರಿಂದ ಐದು ಪಾಲು ತೇವವೇ ಈ ಬಾಗುವಿಕೆಗೆ ನೆರವು. ಆದರೆ ತೇವಕ್ಕೆ ಕೆಡುವ ಔಷಧಗಳಿಗೆ ಅದೇ ತೇವ ಶತ್ರು. ಅವುಗಳಿಗಾಗಿ ಅವಿಸೆಲ್‌ನ ಕಡಿಮೆ ತೇವದ ಪಿಎಚ್-103, ಪಿಎಚ್-112 ದರ್ಜೆಗಳಿವೆ. ಪಿಎಚ್-101ರ ಕಣ ಸರಾಸರಿ 50 ಮೈಕ್ರೊಮೀಟರ್, ಪಿಎಚ್-102ರದು 100, ಪಿಎಚ್-200ರದು 180. ಕಣ ದೊಡ್ಡದಾದಷ್ಟೂ ಯಂತ್ರಕ್ಕೆ ಪುಡಿ ಇಳಿಸುವ ಹಾಪರಿನಿಂದ ಸರಾಗವಾಗಿ ಇಳಿಯುತ್ತದೆ. ಎಂಸಿಸಿಯ ಜೊತೆ ನೂರಕ್ಕೆ ಎರಡು ಪಾಲು ಸಿಲಿಕಾನ್ ಡೈಆಕ್ಸೈಡ್ ಸೇರಿಸಿ ಒಣಗಿಸಿದ ಸಿಲಿಕಾಯುಕ್ತ ಎಂಸಿಸಿ ಸಣ್ಣ ಕಣಗಳ ಹರಿವಿನ ಕೊರತೆಗೆ ಸಿಕ್ಕ ಇನ್ನೊಂದು ಪರಿಹಾರ.

ಹೈಪ್ರೊಮೆಲ್ಲೋಸ್, ಅಂದರೆ ಹೈಡ್ರಾಕ್ಸಿಪ್ರೊಪೈಲ್ ಮಿಥೈಲ್ ಸೆಲ್ಯುಲೋಸ್, ಕಾರ್ಖಾನೆಯ ಮಾತಿನಲ್ಲಿ ಎಚ್‌ಪಿಎಂಸಿ. ಇದು ನೀರಿನಲ್ಲಿ ಕರಗುತ್ತದೆ. ಆದರೆ ತಣ್ಣೀರಿನಲ್ಲಿ, ಬಿಸಿನೀರಿನಲ್ಲಲ್ಲ. ಬಿಸಿ ಏರಿದಂತೆ ಜೆಲ್ ಆಗಿ ಗಟ್ಟಿಯಾಗುತ್ತದೆ, ತಣಿದರೆ ಮತ್ತೆ ತೆಳುವಾಗುತ್ತದೆ. ಜಿಲಾಟಿನ್ನಿನ ನಡವಳಿಕೆಗೆ ಇದು ತದ್ವಿರುದ್ಧ. ಹಾಗಾಗಿ ಲೇಪದ ದ್ರಾವಣ ಮಾಡುವಾಗ ಇದನ್ನು ತಣ್ಣೀರಿಗೆ ಒಮ್ಮೆಗೇ ಸುರಿದರೆ ಮುದ್ದೆ ತೊಳಸುವಾಗ ಬೀಳುವ ಗಂಟಿನಂತೆ ಹೊರಗೆ ಅಂಟು, ಒಳಗೆ ಒಣ ಹಿಟ್ಟು ಉಳಿಯುತ್ತದೆ. ಕೆಲಸ ಬಲ್ಲವರು ಮೊದಲು 80–90 ಡಿಗ್ರಿಯ ನೀರಿನಲ್ಲಿ ಪುಡಿಯನ್ನು ಕದಡಿ ಚೆದುರಿಸಿ, ಆಮೇಲೆ ತಣ್ಣೀರು ಬೆರೆಸಿ ತಣಿಸುತ್ತಾರೆ. ಔಷಧ ಸಂಹಿತೆಗಳು ಇದನ್ನು 2910, 2208 ಮುಂತಾದ ಸಂಖ್ಯೆಗಳಿಂದ ಗುರುತಿಸುತ್ತವೆ. ಮೊದಲ ಎರಡು ಅಂಕಿ ಮೆಥಾಕ್ಸಿ ಗುಂಪಿನ ಶೇಕಡಾ ಪ್ರಮಾಣ, ಕೊನೆಯ ಎರಡು ಹೈಡ್ರಾಕ್ಸಿಪ್ರೊಪಾಕ್ಸಿ ಗುಂಪಿನದು. ತೆಳು ಸ್ನಿಗ್ಧತೆಯ 2910 ಲೇಪಕ್ಕೆ, ದಪ್ಪ ಸ್ನಿಗ್ಧತೆಯ 2208 ನಿಧಾನ ಬಿಡುಗಡೆಗೆ.

ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಸೋಡಿಯಂ ನೀರಿನಲ್ಲಿ ಅಂಟಾಗುವ ಬಂಧಕ. ಇದರದೇ ಸರಪಳಿಗಳನ್ನು ಅಡ್ಡ ಕೊಂಡಿಗಳಿಂದ ಕಟ್ಟಿಹಾಕಿದರೆ ಸಿಗುವುದು ಕ್ರಾಸ್‌ಕಾರ್ಮೆಲ್ಲೋಸ್ ಸೋಡಿಯಂ. ಕಟ್ಟಿಹಾಕಿದ ಮೇಲೆ ಅದು ಕರಗಲಾರದು. ನೀರನ್ನು ಬತ್ತಿಯಂತೆ ಒಳಗೆಳೆದು ನಾಲ್ಕರಿಂದ ಎಂಟು ಪಟ್ಟು ಉಬ್ಬಿ, ಮಾತ್ರೆಯನ್ನು ಒಳಗಿನಿಂದ ಸಿಡಿಸುತ್ತದೆ. ಬೇಕಾಗುವುದು ತೂಕದ ನೂರಕ್ಕೆ ಅರ್ಧದಿಂದ ಐದು ಪಾಲು. ಅಂಟಿಸುವ ವಸ್ತುವೇ ಸಣ್ಣ ಬದಲಾವಣೆಯಿಂದ ಒಡೆಸುವ ವಸ್ತುವಾಗುವ ಈ ತಿರುವು ಸೆಲ್ಯುಲೋಸ್ ರಸಾಯನದ ಸೊಗಸಾದ ಪ್ರಸಂಗಗಳಲ್ಲೊಂದು. ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸಿನದೂ ಇಂಥದೇ ಜೋಡಿ: ಗುಂಪುಗಳು ಹೆಚ್ಚಿದ್ದರೆ ಕರಗುವ ಬಂಧಕ, ಕಡಿಮೆ ಇದ್ದರೆ ಕರಗದ ವಿಘಟಕ.

ಈಥೈಲ್ ಸೆಲ್ಯುಲೋಸ್ ನೀರಿಗೆ ಒಲಿಯದ ಪೊರೆ. ಕಹಿ ಮುಚ್ಚಲು, ಔಷಧದ ಬಿಡುಗಡೆಯನ್ನು ತಡೆಹಿಡಿಯಲು ಬಳಕೆ. ಸೆಲ್ಯುಲೋಸ್ ಅಸಿಟೇಟ್ ನೀರನ್ನು ಒಳಗೆ ಬಿಟ್ಟು ಔಷಧವನ್ನು ಹೊರಗೆ ಬಿಡದ ಪೊರೆ. ಅದರ ಮೇಲೆ ಲೇಸರಿನಿಂದ ಒಂದೇ ಒಂದು ಸಣ್ಣ ತೂತು ಕೊರೆದರೆ ಮಾತ್ರೆ ಪುಟ್ಟ ಪಂಪಿನಂತಾಗುತ್ತದೆ. ಅಲ್ಜಾ ಸಂಸ್ಥೆಯ ಫೆಲಿಕ್ಸ್ ಥೀವೆಸ್ 1975ರಲ್ಲಿ ವಿವರಿಸಿದ ಆಸ್ಮಾಟಿಕ್ ಪಂಪಿನ ತತ್ವ ಇದು. ಸೆಲ್ಯುಲೋಸ್ ಅಸಿಟೇಟ್ ಥ್ಯಾಲೇಟ್, ಹೈಪ್ರೊಮೆಲ್ಲೋಸ್ ಥ್ಯಾಲೇಟ್, ಹೈಪ್ರೊಮೆಲ್ಲೋಸ್ ಅಸಿಟೇಟ್ ಸಕ್ಸಿನೇಟ್ ಎಂಬ ಮೂರು ಜಠರದ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪಗಳು. ಕೊನೆಯದಕ್ಕೆ ಇತ್ತೀಚೆಗೆ ಹೊಸ ಕೆಲಸ ಸಿಕ್ಕಿದೆ: ನೀರಿನಲ್ಲಿ ಕರಗದ ಔಷಧದ ಅಣುಗಳನ್ನು ಹರಳುಗಟ್ಟದಂತೆ ಚದುರಿಸಿ ಹಿಡಿಯುವುದು. 2011ರಲ್ಲಿ ಬಂದ ಹೆಪಟೈಟಿಸ್-ಸಿ ಔಷಧ ಟೆಲಾಪ್ರೆವಿರ್ ಇದನ್ನು ನೆಚ್ಚಿತ್ತು.

ಯಂತ್ರದಲ್ಲಿ

ಬಿ.ಫಾರ್ಮ್ ವಿದ್ಯಾರ್ಥಿಗಳು ಐದನೇ ಸೆಮಿಸ್ಟರಿನ ಇಂಡಸ್ಟ್ರಿಯಲ್ ಫಾರ್ಮಸಿಯಲ್ಲಿ ಮಾತ್ರೆ ಮಾಡುವ ಮೂರು ದಾರಿಗಳನ್ನು ಕಲಿಯುತ್ತಾರೆ. ಒದ್ದೆ ಗ್ರಾನ್ಯುಲೇಷನ್‌ನಲ್ಲಿ ಪುಡಿಗೆ ಬಂಧಕದ ದ್ರಾವಣ ಹಾಕಿ ನಾದಿ, ಜರಡಿ ಹಿಡಿದು, ಒಣಗಿಸಿ ರವೆಯಂತೆ ಮಾಡುತ್ತಾರೆ. ಒಣ ಗ್ರಾನ್ಯುಲೇಷನ್‌ನಲ್ಲಿ ಪುಡಿಯನ್ನು ರೋಲರುಗಳ ನಡುವೆ ಒತ್ತಿ ಬಿಲ್ಲೆ ಮಾಡಿ ಮತ್ತೆ ಒಡೆಯುತ್ತಾರೆ. ಮೂರನೆಯದು ನೇರ ಒತ್ತುವಿಕೆ: ಬೆರೆಸು, ಒತ್ತು, ಮುಗಿಯಿತು. ನೀರೂ ಬೇಡ, ಒಲೆಯೂ ಬೇಡ. ಈ ದಾರಿ ವ್ಯಾಪಕವಾದದ್ದು ಎಂಸಿಸಿ ಬಂದಮೇಲೆ.

ಸುತ್ತುವ ಮಾತ್ರೆ ಯಂತ್ರದಲ್ಲಿ ಹಾಪರಿನಿಂದ ಇಳಿದ ಪುಡಿ ಡೈ ಎಂಬ ಉಕ್ಕಿನ ಗುಂಡಿಯನ್ನು ತುಂಬುತ್ತದೆ. ಮೇಲಿನ ಪಂಚು, ಕೆಳಗಿನ ಪಂಚು ಎರಡೂ ಕಣ್ಣು ಮಿಟುಕಿಸುವುದರೊಳಗೆ ಒತ್ತಿ ಬಿಡುತ್ತವೆ. ಕೆಳಗಿನ ಪಂಚು ಮೇಲೆದ್ದು ಮಾತ್ರೆಯನ್ನು ಹೊರಗೆ ತಳ್ಳುತ್ತದೆ. ಗಂಟೆಗೆ ಲಕ್ಷಗಟ್ಟಲೆ ಮಾತ್ರೆ ಹೊರಬೀಳುವಾಗ ಪ್ರತಿ ಗುಂಡಿಗೂ ಅಷ್ಟೇ ಪುಡಿ ಬೀಳಬೇಕು. ಹಗುರವಾದ, ನಾರಿನಂಥ ಕಣದ ಪಿಎಚ್-101 ಇಲ್ಲಿ ಒಮ್ಮೊಮ್ಮೆ ತಡವರಿಸುತ್ತದೆ, ಮಾತ್ರೆಗಳ ತೂಕ ಏರುಪೇರಾಗುತ್ತದೆ. ಇನ್ನೊಂದು ತಾಪತ್ರಯ ಬ್ಲೆಂಡರಿನಲ್ಲಿ. ಮೆಗ್ನೀಸಿಯಂ ಸ್ಟಿಯರೇಟನ್ನು ಕೊನೆಗೆ ಹಾಕಿ ಕೆಲವೇ ನಿಮಿಷ ತಿರುಗಿಸಬೇಕು. ಹೆಚ್ಚು ತಿರುಗಿಸಿದರೆ ಆ ಜಿಡ್ಡು ಎಂಸಿಸಿ ಕಣದ ಮೈಗೆಲ್ಲ ಹರಡಿ, ಹೈಡ್ರೋಜನ್ ಬಂಧಕ್ಕೆ ಅಡ್ಡ ನಿಂತು, ಮಾತ್ರೆ ಮೆತ್ತಗಾಗುತ್ತದೆ. ಎಣ್ಣೆ ಹೆಚ್ಚಾದ ಹಿಟ್ಟು ಒಂದಾಗಿ ಕೂರದ ಹಾಗೆ.

ದೇಹದಲ್ಲಿ

ಶೇಂಗಾ ಬಳ್ಳಿಯ ಹೊಟ್ಟನ್ನು ಚಳ್ಳಕೆರೆಯ ಕುರಿ ತಿಂದು ಅರಗಿಸಿಕೊಳ್ಳುತ್ತದೆ. ಅದರ ಹೊಟ್ಟೆಯ ಮೊದಲ ಚೀಲದಲ್ಲಿರುವ ಸೂಕ್ಷ್ಮಜೀವಿಗಳು ಸೆಲ್ಯುಲೋಸಿನ ಬೀಟಾ ಕೊಂಡಿಯನ್ನು ಕತ್ತರಿಸುವ ಕಿಣ್ವ ಸುರಿಸುತ್ತವೆ. ಮನುಷ್ಯನ ಜೀರ್ಣರಸದಲ್ಲಿ ಆ ಕಿಣ್ವ ಇಲ್ಲ. ಪೂರಕ ದ್ರವ್ಯವಾಗಿ ಸೆಲ್ಯುಲೋಸಿಗೆ ಸಿಕ್ಕ ಅರ್ಹತೆಯೇ ಇದು: ರಕ್ತಕ್ಕೆ ಸೇರದೆ, ಬಹುಪಾಲು ಬಂದ ಹಾಗೆ ಹೊರಗೆ ಹೋಗುತ್ತದೆ. ಗ್ಲುಕೋಸಿನ ಸರಪಳಿಯಾಗಿದ್ದರೂ ಮಧುಮೇಹಿಯ ರಕ್ತದ ಸಕ್ಕರೆಯನ್ನು ಏರಿಸದಿರುವುದಕ್ಕೆ ಕಾರಣವೂ ಇದೇ.

ಔಷಧವನ್ನು ನಿಧಾನವಾಗಿ ಬಿಡುವ ಕೆಲಸಕ್ಕೆ ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯೇ ಒಳ್ಳೆಯ ಉದಾಹರಣೆ. ಸಾಧಾರಣ ಮಾತ್ರೆಯನ್ನು ದಿನಕ್ಕೆ ಎರಡು ಮೂರು ಸಲ ನುಂಗಬೇಕು. ಹೆಸರಿನ ಮುಂದೆ ‘ಎಸ್ಆರ್’, ‘ಎಕ್ಸ್ಆರ್’ ಅಥವಾ ‘ಇಆರ್’ ಎಂದಿದ್ದರೆ ಸಾಮಾನ್ಯವಾಗಿ ಒಂದೇ ಸಲ. ಈ ಎರಡನೇ ಬಗೆಯಲ್ಲಿ ಔಷಧ ದಪ್ಪ ಸ್ನಿಗ್ಧತೆಯ ಹೈಪ್ರೊಮೆಲ್ಲೋಸಿನ ಜೊತೆ ಬೆರೆತಿರುತ್ತದೆ. ಇಂಥ ಮಾತ್ರೆಯನ್ನು ಲೋಟದ ನೀರಿಗೆ ಹಾಕಿದರೆ ಅದು ಒಡೆಯುವುದಿಲ್ಲ. ಮೊದಲು ಮೈ ಜಾರತೊಡಗುತ್ತದೆ, ಆಮೇಲೆ ಸುತ್ತಲೂ ಲೋಳೆಸರದ ತಿರುಳಿನಂಥ ಪಾರದರ್ಶಕ ಪದರ ಏಳುತ್ತದೆ, ಗಂಟೆಗಳಾದರೂ ನಡುವೆ ಬಿಳಿ ತಿರುಳು ಒಣಗಿಯೇ ಕಾಣುತ್ತದೆ. ಔಷಧ ಆ ಜೆಲ್ ಪದರವನ್ನು ದಾಟಿ ಸೋರಬೇಕು. ಪದರ ಹೊರಗಿನಿಂದ ಸವೆಯುತ್ತ ಒಳಗಿನಿಂದ ಹೊಸದಾಗಿ ಮೂಡುತ್ತಿರುತ್ತದೆ. ಮಲದಲ್ಲಿ ಮಾತ್ರೆಯ ಆಕಾರದ ಮೆತ್ತನೆ ತೊಗಟೆ ಕಂಡು ಔಷಧ ಕೆಲಸವನ್ನೇ ಮಾಡಲಿಲ್ಲ ಎಂದು ಗಾಬರಿಯಾಗುವವರಿದ್ದಾರೆ. ಔಷಧ ಇಳಿದುಹೋಗಿ ಉಳಿದ ಪಂಜರ ಅದು. ಇಂಥ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಕೊಡಬಾರದು ಎನ್ನುವುದಕ್ಕೂ ಈ ಪದರವೇ ಕಾರಣ: ಪದರ ಮುರಿದರೆ ಇಡೀ ದಿನದ ಔಷಧ ಒಮ್ಮೆಗೇ ಹೊಟ್ಟೆಗೆ ಇಳಿಯುತ್ತದೆ.

ಪರೀಕ್ಷೆ ಮತ್ತು ನಿಯಮ

ಭಾರತೀಯ ಔಷಧ ಸಂಹಿತೆಯಲ್ಲಿ ಈ ದ್ರವ್ಯಗಳ ಗುಣಮಟ್ಟದ ವಿವರಗಳಿವೆ. ಎಂಸಿಸಿಯನ್ನು ಗುರುತಿಸುವ ಹಳೆಯ ಪರೀಕ್ಷೆ ಸುಲಭದ್ದು: ಸತುವಿನ ಕ್ಲೋರೈಡ್ ಸೇರಿದ ಅಯೊಡಿನ್ ದ್ರಾವಣ ಹಾಕಿದರೆ ಪುಡಿ ನೇರಳೆ ನೀಲಿಯಾಗಬೇಕು. ಆಮ್ಲೀಯತೆ, ತೇವ, ಬೂದಿ, ಸರಪಳಿಯ ಉದ್ದ, ಸೂಕ್ಷ್ಮಜೀವಿಗಳ ಎಣಿಕೆ ಇವೆಲ್ಲಕ್ಕೂ ಮಿತಿಗಳಿವೆ.

ಮಾತ್ರೆಯ ಒಡೆಯುವಿಕೆಯನ್ನು ಬೇರೆಯಾಗಿ ಪರೀಕ್ಷಿಸುತ್ತಾರೆ. ಆರು ಗಾಜಿನ ಕೊಳವೆಗಳ ಬುಟ್ಟಿಯಲ್ಲಿ ಆರು ಮಾತ್ರೆ ಇಟ್ಟು, ದೇಹದ ಬಿಸಿಯಷ್ಟಿರುವ ನೀರಿನಲ್ಲಿ ನಿಮಿಷಕ್ಕೆ ಸುಮಾರು 30 ಸಲ ಮೇಲೆ ಕೆಳಗೆ ಆಡಿಸುತ್ತಾರೆ. ಲೇಪವಿಲ್ಲದ ಮಾತ್ರೆ 15 ನಿಮಿಷದಲ್ಲಿ, ಫಿಲ್ಮ್ ಲೇಪದ್ದು 30 ನಿಮಿಷದಲ್ಲಿ ಒಡೆಯಬೇಕು. ಕರುಳಿನಲ್ಲಿ ಕರಗಬೇಕಾದ ಮಾತ್ರೆ ಆಮ್ಲದಲ್ಲಿ ಎರಡು ಗಂಟೆ ಅಲುಗದೆ ನಿಂತು, ಆಮೇಲೆ 6.8 ಪಿಎಚ್‌ನ ದ್ರಾವಣದಲ್ಲಿ ಒಂದು ಗಂಟೆಯೊಳಗೆ ಒಡೆಯಬೇಕು.

ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ 1940ರದು, ಅದರ ನಿಯಮಗಳು 1945ರವು. ಕಾರ್ಖಾನೆಗಳ ಉತ್ತಮ ತಯಾರಿಕಾ ಪದ್ಧತಿಯನ್ನು ಹೇಳುವ ಪರಿಷ್ಕೃತ ಶೆಡ್ಯೂಲ್ ಎಂ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು; ಕಚ್ಚಾವಸ್ತು ಸರಬರಾಜುದಾರರ ತಪಾಸಣೆಯ ಹೊಣೆಯನ್ನು ಅದು ತಯಾರಕರ ಮೇಲೆ ಇನ್ನಷ್ಟು ಸ್ಪಷ್ಟವಾಗಿ ಹೊರಿಸಿದೆ. ಇವೇ ವಸ್ತುಗಳು ಆಹಾರದಲ್ಲೂ ಇವೆ. ಐಸ್‌ಕ್ರೀಂ, ಬೇಕರಿ ತಿನಿಸುಗಳ ಪೊಟ್ಟಣದ ಮೇಲೆ 460, 464, 466 ಎಂಬ ಐಎನ್ಎಸ್ ಸಂಖ್ಯೆ ಕಂಡರೆ ಕ್ರಮವಾಗಿ ಸೆಲ್ಯುಲೋಸ್, ಹೈಪ್ರೊಮೆಲ್ಲೋಸ್, ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಎಂದು ತಿಳಿಯಬೇಕು.

ಅಪಾಯಗಳು

ಹೊಟ್ಟೆಗೆ ನಿರುಪದ್ರವಿಯಾದ ಈ ಪುಡಿ ಗಾಳಿಯಲ್ಲಿ ನಿರುಪದ್ರವಿಯಲ್ಲ. ನಯವಾದ ಸೆಲ್ಯುಲೋಸ್ ಧೂಳು ಮುಚ್ಚಿದ ಜಾಗದಲ್ಲಿ ತೇಲುತ್ತಿರುವಾಗ ಒಂದು ಕಿಡಿ ಬಿದ್ದರೆ ಸ್ಫೋಟವಾಗುತ್ತದೆ. ಹಿಟ್ಟಿನ ಗಿರಣಿ, ಹತ್ತಿ ಜಿನ್ನುಗಳಿಗಿರುವ ಭಯವೇ ಇಲ್ಲಿಯೂ. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂ ಕೈಗಾರಿಕಾ ಪ್ರದೇಶದ ಎಂಸಿಸಿ ಕಾರ್ಖಾನೆಯೊಂದರಲ್ಲಿ ನಡೆದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಪೂರಕ ದ್ರವ್ಯ ಎಂಬ ಪದವನ್ನೇ ಕೇಳಿರದ ಪತ್ರಿಕೆಗಳ ಓದುಗರಿಗೆ ಎಂಸಿಸಿಯ ಹೆಸರು ಪರಿಚಯವಾದದ್ದು ಆ ವಾರ.

ರಾಸಾಯನಿಕ ಅಪಾಯ ಸೂಕ್ಷ್ಮವಾದದ್ದು. 2018ರಲ್ಲಿ ರಕ್ತದೊತ್ತಡದ ವಾಲ್ಸಾರ್ಟಾನ್ ಮಾತ್ರೆಗಳಲ್ಲಿ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್ ಕಂಡುಬಂದ ಮೇಲೆ ಪೂರಕ ದ್ರವ್ಯಗಳಲ್ಲಿರುವ ಲವಲೇಶ ನೈಟ್ರೈಟಿನ ಮೇಲೂ ಕಣ್ಣು ಬಿದ್ದಿದೆ. ಕೆಲವು ಔಷಧಗಳ ಅಮೈನ್ ಗುಂಪು ಆ ನೈಟ್ರೈಟಿನ ಜೊತೆ ಸೇರಿದರೆ ನೈಟ್ರೋಸಮೈನ್ ಹುಟ್ಟಬಹುದು. ಎಂಸಿಸಿ, ಕ್ರಾಸ್‌ಕಾರ್ಮೆಲ್ಲೋಸ್‌ಗಳನ್ನು ಕೊಳ್ಳುವವರು ಈಗ ನೈಟ್ರೈಟಿನ ಅಂಕಿಯನ್ನೂ ಕೇಳುತ್ತಾರೆ.

ಇಂದಿನ ಸ್ಥಿತಿ

ಜಾಗತಿಕವಾಗಿ ಅವಿಸೆಲ್ ವಹಿವಾಟು ಎಫ್‌ಎಂಸಿಯಿಂದ 2017ರಲ್ಲಿ ಡುಪಾಂಟ್‌ಗೆ, 2021ರಲ್ಲಿ ಐಎಫ್ಎಫ್‌ಗೆ, 2025ರಲ್ಲಿ ಫ್ರಾನ್ಸಿನ ರೊಕೆಟ್‌ಗೆ ಕೈ ಬದಲಿಸಿತು. ಭಾರತದಲ್ಲಿ ಎಂಸಿಸಿ ತಯಾರಕರು ಹಲವರಿದ್ದಾರೆ; ಜೆನೆರಿಕ್ ಮಾತ್ರೆಗಳ ದೊಡ್ಡ ಉದ್ಯಮ ಅವರ ಗಿರಾಕಿ. ಕರ್ನಾಟಕದಲ್ಲಿ ಪೀಣ್ಯದ ಸಾರ್ವಜನಿಕ ವಲಯದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ನಿಂದ ಹಿಡಿದು ಖಾಸಗಿ ಕಾರ್ಖಾನೆಗಳವರೆಗೆ ಮಾತ್ರೆ ಒತ್ತುವವರು ಬಳಸುವ ದ್ರವ್ಯಗಳ ಪಟ್ಟಿ ಹೆಚ್ಚುಕಡಿಮೆ ಇದೇ.

ಸಂಶೋಧಕರ ಗಮನ ಮರದಿಂದ ಹೊಲದ ಉಳಿಕೆಗಳ ಕಡೆಗೂ ಹೊರಳಿದೆ. ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಂಟುಗಳಿಂದ ಎಂಸಿಸಿ ತೆಗೆದ ಪ್ರಯೋಗಗಳಿವೆ. ಶೇಂಗಾ ಸಿಪ್ಪೆಯಿಂದ ಔಷಧ ದರ್ಜೆಯ ಎಂಸಿಸಿ ತಯಾರಿಸಿದ ಪ್ರಯೋಗವನ್ನು ನೈಜೀರಿಯಾದ ಔಷಧ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಇಂಥ ಪ್ರಯೋಗಗಳ ಸಾಮಾನ್ಯ ಕ್ರಮ ಹೀಗೆ: ಸಿಪ್ಪೆಯನ್ನು ತೊಳೆದು ಚೂರು ಮಾಡಿ, ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ ಇಳಿಸುವುದು; ಬ್ಲೀಚಿನಿಂದ ಕಂದು ಬಣ್ಣ ತೆಗೆಯುವುದು; ನೂರಕ್ಕೆ 17.5 ಪಾಲಿನ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗದೆ ಉಳಿದ ಆಲ್ಫಾ ಸೆಲ್ಯುಲೋಸನ್ನು ಬೇರ್ಪಡಿಸುವುದು. ಕೊನೆಗೆ ಬ್ಯಾಟಿಸ್ಟಾನ ಆಮ್ಲದ ಹದ.

ಶೇಂಗಾ ಎಣ್ಣೆಯಿಂದಾಗಿ ತೈಲನಗರಿ ಎಂದು ಕರೆಸಿಕೊಳ್ಳುವ ಚಳ್ಳಕೆರೆಗೆ ಈ ಪ್ರಯೋಗ ದೂರದ ಸುದ್ದಿಯಲ್ಲ. ಶೇಂಗಾ ಕಾಯಿಯ ತೂಕದಲ್ಲಿ ಕಾಲು ಭಾಗದಷ್ಟು ಸಿಪ್ಪೆಯೇ. ಕಾಯಿ ಒಡೆಯುವ ಕಡೆ ಅದು ಗುಡ್ಡೆಯಾಗಿ ಬೀಳುತ್ತದೆ, ಉರುವಲಾಗಿ ಬಾಯ್ಲರಿಗೆ ಹೋಗುತ್ತದೆ. ಅದನ್ನು ಔಷಧದ ಪುಡಿಯಾಗಿಸಲು ಎದುರಾಗುವ ಮೊದಲ ತೊಡಕು ಲಿಗ್ನಿನ್. ಮರಕ್ಕಿಂತ ಹೆಚ್ಚು ಕ್ಷಾರ, ಹೆಚ್ಚು ಬ್ಲೀಚು ಬೇಡುತ್ತದೆ. ಎರಡನೆಯದು ಬೂಷ್ಟು. ಶೇಂಗಾಗೆ ತಗಲುವ ಆಸ್ಪರ್ಜಿಲ್ಲಸ್ ಬೂಷ್ಟು ಅಫ್ಲಟಾಕ್ಸಿನ್ ವಿಷ ಸುರಿಸುತ್ತದೆ. ಸಿಪ್ಪೆಯಿಂದ ಮಾಡಿದ ಪುಡಿಯಲ್ಲಿ ಅದು ಇಲ್ಲವೆಂದು ಪ್ರತಿ ಬ್ಯಾಚಿಗೂ ಸಾಬೀತುಪಡಿಸಬೇಕಾಗುತ್ತದೆ. ಮೂರನೆಯದು ನೀರು. ತೊಳೆದು, ಬೇಯಿಸಿ, ಮತ್ತೆ ಮತ್ತೆ ತೊಳೆಯುವ ಕೆಲಸ ಇದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆಯಲ್ಲಿ ಕ್ಷಾರ, ಆಮ್ಲ ಬೆರೆತ ಆ ತ್ಯಾಜ್ಯ ನೀರನ್ನು ಶುದ್ಧ ಮಾಡಿ ಮರಳಿ ಬಳಸದೆ ಬೇರೆ ದಾರಿಯಿಲ್ಲ. ಮರದ ತಿರುಳಿನ ಎಂಸಿಸಿಯ ಬದಲು ಹೊಸ ಮೂಲದ್ದನ್ನು ಹಾಕಬೇಕಾದರೆ ಮಾತ್ರೆ ತಯಾರಕರು ಆ ಮಾತ್ರೆಯ ಗಟ್ಟಿತನ, ಕರಗುವಿಕೆ, ಬಾಳಿಕೆಯ ಪರೀಕ್ಷೆಗಳನ್ನು ಹೊಸದಾಗಿ ಮಾಡಿ ತೋರಿಸಬೇಕು. ಹಾಗಾಗಿ ಸಿಪ್ಪೆ ಸದ್ಯಕ್ಕೆ ಬಾಯ್ಲರಿನ ಬಾಯಿಗೇ ಹೋಗುತ್ತಿದೆ.